ಕೋಳಿ ಔಟಾದ ಆಟ

ಮೊಬೈಲಿನ ಆಟಕ್ಕೆ ತೀರ್ಪು ಕೊಡುವ ಕೆಲಸ ನನಗೆ ಬಂದದ್ದು ಮಗಳಿಂದ. ನಾನು ಹೊಸನಗರ ತಾಲ್ಲೂಕಿನ ಶಾಲೆಗಳಲ್ಲಿ ದೈಹಿಕ ಶಿಕ್ಷಕಿಯಾಗಿದ್ದವಳು. ಮಕ್ಕಳು ಎದುರಿಗೆ ಪಿ.ಟಿ. ಮೇಡಂ ಎನ್ನುತ್ತಿದ್ದರು, ಹಿಂದಿನಿಂದ ಇನ್ನೇನೋ ಅನ್ನುತ್ತಿದ್ದರಂತೆ. ಕಬಡ್ಡಿಯಿರಲಿ, ಖೋಖೋ ಇರಲಿ, ಗೆರೆ ತುಳಿದವರನ್ನು ನಾನು ಬಿಟ್ಟದ್ದಿಲ್ಲ. ಹೆತ್ತ ಮಗಳನ್ನೂ ಬಿಡಲಿಲ್ಲ, ಅದನ್ನು ಅವಳು ಇನ್ನೂ ಮರೆತಿಲ್ಲ. ಈಗ ನಿವೃತ್ತಳಾಗಿ ಸಾಗರದಲ್ಲಿ ಮಗನ ಮನೆಯಲ್ಲಿದ್ದೇನೆ. ಮಗಳು ತೀರ್ಥಹಳ್ಳಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ.

ಕಳೆದ ದಸರಾ ರಜೆಯಲ್ಲಿ ಅವಳು ತನ್ನ ಮಗಳನ್ನು, ಎರಡನೇ ಕ್ಲಾಸಿನ ಪುಟ್ಟಿಯನ್ನು, ನಮ್ಮಲ್ಲಿ ಬಿಟ್ಟು ಹೋಗಲು ಬಂದಳು. ಚೀಲ ಇಳಿಸುವ ಮೊದಲೇ ಹಳೆಯ ಮೊಬೈಲೊಂದನ್ನು ನನ್ನ ಕೈಗಿಟ್ಟಳು.

"ಅಮ್ಮಾ, ಇದ್ರಲ್ಲೊಂದು ಆಟ ಇದೆ. ಊಟ ತಿಂಡಿ ಬಿಟ್ಟು ಅದ್ರಲ್ಲೇ ಮುಳುಗಿರ್ತಾಳೆ. ಮಕ್ಕಳಿಗೆ ಒಳ್ಳೇದೋ ಕೆಟ್ಟದ್ದೋ ನಂಗೆ ತಿಳಿಯಲ್ಲ. ನೀನು ಆಡಿ ನೋಡಿ ಹೇಳು. ಬೇಡ ಅಂದ್ರೆ ತೆಗ್ದು ಹಾಕ್ತೀನಿ."

ಪುಟ್ಟಿ ಅಮ್ಮನ ಸೆರಗು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ಅಜ್ಜಿಯ ತೀರ್ಪೆಂದರೆ ಏನೆಂದು ಅಮ್ಮನಿಂದ ಕೇಳಿಯೇ ಇದ್ದಳೇನೋ, ಆ ಆಟ ಆಗಲೇ ಹೋಯಿತು ಎಂಬ ಮುಖ.

ಈ ಮಗುವಿನ ಬಗ್ಗೆ ಒಂದು ಮಾತು ಹೇಳಬೇಕು. ಹುಟ್ಟುವಾಗ ಹೃದಯದಲ್ಲಿ ಒಂದು ತೂತಿತ್ತು. ಶಾಲೆಗೆ ಸೇರಿಸುವ ಮೊದಲೇ ಆಪರೇಷನ್ ಮಾಡಿ ಮುಚ್ಚಿದರು. ಇನ್ನು ಎಲ್ಲ ಮಕ್ಕಳ ಹಾಗೆ ಆಡಲಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಡಾಕ್ಟರು ಹೇಳಿದರೂ ನಮಗೆ ಧೈರ್ಯ ಬರಬೇಕಲ್ಲ. ಅವಳು ಎರಡು ಮೆಟ್ಟಿಲು ಓಡಿ ಹತ್ತಿದರೆ ಮನೆಮಂದಿಯೆಲ್ಲ ಉಸಿರು ಬಿಗಿ ಹಿಡಿಯುತ್ತಿದ್ದೆವು.

ಮಾರನೇ ದಿನ ಬೆಳಿಗ್ಗೆ ದೋಸೆ ಮುಗಿಸಿ, ಕನ್ನಡಕ ಒರೆಸಿಕೊಂಡು ತೀರ್ಪಿಗೆ ಕೂತೆ. ಪುಟ್ಟಿ ಪಕ್ಕದಲ್ಲಿ ಕೈ ಕಟ್ಟಿ ಕೂತಳು. ಆಟವೆಂದರೆ ಪ್ರಾಣಿಗಳ ಕ್ರೀಡಾಕೂಟ. ಚಡ್ಡಿ ಹಾಕಿದ ಆನೆ, ತಲೆಗೆ ರಿಬ್ಬನ್ ಕಟ್ಟಿದ ಕಪ್ಪೆ, ದಪ್ಪ ಹೊಟ್ಟೆಯ ಒಂದು ಕೋಳಿ, ಅಂಪೈರ್ ಟೋಪಿ ಹಾಕಿದ ಬೆಕ್ಕು. ನಮಗೆ ಬೇಕಾದ ಪ್ರಾಣಿಯನ್ನು ಆರಿಸಿ ಬೆರಳಿನಿಂದ ಓಡಿಸಬೇಕು, ಹಾರಿಸಬೇಕು.

ನನಗೆ ಮೊದಲ ನಿಮಿಷದಲ್ಲೇ ಸಿಟ್ಟು ಬಂತು. ಆನೆ ಲಾಂಗ್ ಜಂಪಿನಲ್ಲಿ ಹಲಗೆ ದಾಟಿ ಕಾಲಿಟ್ಟು ಹಾರಿತು. ಬೆಕ್ಕು ಬಾವುಟ ಎತ್ತಿ ಸರಿ ಅಂದಿತು.

"ಇದು ಫೌಲಲ್ವೇನೇ? ಈ ಬೆಕ್ಕಿಗೆ ಕಣ್ಣಿಲ್ವಾ?"

"ಅಜ್ಜೀ, ಅದು ಕಾರ್ಟೂನು" ಎಂದಳು ಪುಟ್ಟಿ ಮೆಲ್ಲಗೆ.

ಕಾರ್ಟೂನಾದರೆ ನಿಯಮ ಬೇಡವೇ? ಓಟದಲ್ಲಿ ಕಪ್ಪೆ ಬೇರೆಯವರ ಲೇನಿಗೆ ನುಗ್ಗಿತು, ಅದಕ್ಕೂ ಯಾರೂ ಕೇಳಲಿಲ್ಲ. ನಡುನಡುವೆ ಕೂದಲೆಣ್ಣೆ ಜಾಹೀರಾತು ಬೇರೆ. ನಾನು ಓಡಿಸಿದ ಆನೆಯಂತೂ ಹರ್ಡಲ್ಸಿನಲ್ಲಿ ಪ್ರತಿ ಸಲವೂ ಅಡ್ಡಹಲಗೆಗೆ ಎಡವಿ ಬೀಳುತ್ತಿತ್ತು. ಫೋನೇ ಸರಿಯಿಲ್ಲ, ಬೆರಳು ಒತ್ತಿದ್ದು ಗೊತ್ತಾಗುವುದಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಒಳಗಿನಿಂದ ಸೊಸೆ ಕೇಳಿಸುವ ಹಾಗೇ ಹೇಳಿದಳು. ನನ್ನ ತೀರ್ಪು ಹೆಚ್ಚುಕಡಿಮೆ ಬರೆದಾಗಿತ್ತು: ಬೇಡ.

ಕೊನೆಗೆ ನೀನು ಆಡಿ ತೋರಿಸು ಎಂದು ಪುಟ್ಟಿಯ ಕೈಗೆ ಕೊಟ್ಟೆ. ಅವಳು ಕಪ್ಪೆಯನ್ನು ಬಿಟ್ಟು, ಆನೆಯನ್ನು ಬಿಟ್ಟು, ಆ ದಪ್ಪ ಕೋಳಿಯನ್ನೇ ಆರಿಸಿದಳು. ಕೋಳಿ ತೇಕುತ್ತ ಓಡಿತು, ಎರಡನೇ ಅಡ್ಡಹಲಗೆಗೆ ಎಡವಿ ಬಿತ್ತು. ಬೆಕ್ಕು ಸೀಟಿ ಊದಿ 'ಔಟ್' ಎಂದಿತು. ಕೋಳಿ ತಲೆ ಕೆರೆದುಕೊಂಡು ಮೈದಾನದಿಂದ ಹೊರಗೆ ಹೋಯಿತು. ಪುಟ್ಟಿ ಚಪ್ಪಾಳೆ ತಟ್ಟಿ ನಕ್ಕಳು. ಮತ್ತೆ ಆಡಿದಳು, ಮತ್ತೆ ಔಟ್, ಮತ್ತೆ ಅದೇ ನಗು.

ಗೆದ್ದು ಕುಣಿದ ಮಕ್ಕಳನ್ನು, ಸೋತು ಮಣ್ಣಿನಲ್ಲಿ ಹೊರಳಿದ ಮಕ್ಕಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಔಟಾದದ್ದಕ್ಕೆ ಹೀಗೆ ಹಿಗ್ಗುವ ಮಗುವನ್ನು ಕಂಡಿರಲಿಲ್ಲ. ತೀರ್ಪನ್ನು ಸಂಜೆಗೆ ಮುಂದೂಡಿದೆ.

ಸಂಜೆ ನಮ್ಮ ಮನೆ ಮುಂದಿನ ಕಾಂಕ್ರೀಟ್ ರಸ್ತೆಯಲ್ಲಿ ಕ್ರಿಕೆಟ್. ಮಗನ ಇಬ್ಬರು ಹೆಣ್ಣುಮಕ್ಕಳು, ಅಕ್ಕಪಕ್ಕದ ಮನೆಯ ಮಕ್ಕಳು, ವಿಕೆಟ್ಟಿಗೆ ಒಂದು ಪ್ಲಾಸ್ಟಿಕ್ ಸ್ಟೂಲು. ಪುಟ್ಟಿಯನ್ನೂ ಸೇರಿಸಿಕೊಂಡರು. ಅವಳ ಕೈಗೆ ಬ್ಯಾಟು ಬಂದ ಕೂಡಲೇ ದೊಡ್ಡ ಮೊಮ್ಮಗಳು ಎಲ್ಲರಿಗೂ ಕೂಗಿ ಹೇಳಿದಳು.

"ಇವ್ಳು ಆಟಕ್ಕುಂಟು ಲೆಕ್ಕಕ್ಕಿಲ್ಲ, ಆಯ್ತಾ? ಮೆಲ್ಲ ಹಾಕಿ!"

ಇದು ನಮ್ಮಲ್ಲಿ ಎಲ್ಲ ಆಟಕ್ಕೂ ಇರುವ ಪದ್ಧತಿ. ತೀರ ಚಿಕ್ಕವರು, ಕೈಲಾಗದವರು ಅಳದಿರಲಿ ಎಂದು ಆಟಕ್ಕೆ ಸೇರಿಸುತ್ತೇವೆ, ಆದರೆ ಅವರು ಔಟಾದರೆ ಔಟಲ್ಲ, ಹೊಡೆದರೆ ರನ್ನೂ ಅಲ್ಲ. ಪ್ರೀತಿಯಿಂದಲೇ ಮಾಡುವುದು. ನನ್ನ ಶಾಲೆಯ ಮೈದಾನದಲ್ಲೂ ಅಂಥ ಮಕ್ಕಳಿದ್ದರು.

ಚೆಂಡು ಮೆಲ್ಲಗೆ ಉರುಳಿ ಬಂತು. ಪುಟ್ಟಿ ಬೀಸಿದಳು, ತಾಗಲಿಲ್ಲ, ಸ್ಟೂಲಿಗೆ ಬಡಿಯಿತು. "ಪರ್ವಾಗಿಲ್ಲ ಪುಟ್ಟೀ, ಆಡು." ಮತ್ತೆ ಸ್ಟೂಲಿಗೆ ಬಡಿಯಿತು. "ಪರ್ವಾಗಿಲ್ಲ, ಆಡು." ಒಂದು ಸಲ ಚೆನ್ನಾಗಿಯೇ ಹೊಡೆದಳು, ಚೆಂಡು ಚರಂಡಿ ದಾಟಿತು. ಎಲ್ಲರೂ "ಸೂಪರ್" ಎಂದರು, ರನ್ನು ಯಾರೂ ಎಣಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಬ್ಯಾಟನ್ನು ಅಕ್ಕನ ಕೈಗೆ ಕೊಟ್ಟು ಬಂದು, ಕಟ್ಟೆಯ ಮೇಲೆ ನನ್ನ ಪಕ್ಕ ಕೂತು ಮೊಬೈಲು ತೆಗೆದಳು. ಕೋಳಿ ಓಡತೊಡಗಿತು.

"ಎಂತಕ್ಕೇ ಬಂದ್ಬಿಟ್ಟೆ? ಇದ್ರಲ್ಲಿ ಬರೀ ಸೋಲ್ತೀಯಲ್ಲೇ ಮಾರಾಯ್ತಿ."

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇದ್ರಲ್ಲಿ ನಂಗೂ ಔಟ್ ಕೊಡ್ತಾರಜ್ಜಿ."

ಬೆಳಿಗ್ಗೆಯಿಂದ ಆ ಬೆಕ್ಕನ್ನು ಬೈದದ್ದೇ ಬೈದದ್ದು. ನಾವು ಯಾರೂ ಕೊಡದ ಒಂದು ಮರ್ಯಾದೆಯನ್ನು ಅದು ಈ ಮಗುವಿಗೆ ಕೊಟ್ಟಿತ್ತು. ಪುಟ್ಟಿಯನ್ನು ತಬ್ಬಿಕೊಳ್ಳೋಣ ಅನ್ನಿಸಿತು. ತಬ್ಬಿಕೊಂಡರೆ ಮತ್ತೆ ಪಾಪ ಎಂದ ಹಾಗೇ ಆಗುತ್ತದೆ ಎಂದು ಸುಮ್ಮನಾದೆ.

ಊಟದ ಹೊತ್ತಿಗೆ ಮಗಳಿಗೆ ಫೋನು ಮಾಡಿದೆ. "ಡಾಕ್ಟ್ರು ಆಡ್ಲಿ ಅಂದಿದ್ರಲ್ಲೇ?"

"ಅಂದಿದ್ರು. ನಂಗೇ ಹೆದ್ರಿಕೆ ಅಮ್ಮ."

"ನಂಗೂ ಹೆದ್ರಿಕೆನೇ. ನಾಳೆ ಆಡ್ಸ್ತೀನಿ" ಎಂದೆ.

ಮರುದಿನ ಪೆಟ್ಟಿಗೆಯ ತಳದಿಂದ ನನ್ನ ಸೀಟಿ ತೆಗೆದು, ಬಿಸಿನೀರಲ್ಲಿ ತೊಳೆದು, ಕೊರಳಿಗೆ ಹಾಕಿಕೊಂಡು ರಸ್ತೆಗಿಳಿದೆ. ಮಕ್ಕಳು ಮುಸಿಮುಸಿ ನಕ್ಕರು. ಸುಣ್ಣದ ಗೆರೆ ಎಳೆದು ಹೇಳಿದೆ: "ಇವತ್ತು ಅಂಪೈರ್ ನಾನು. ಎಲ್ರೂ ಲೆಕ್ಕಕ್ಕುಂಟು. ಎಲ್ರಿಗೂ ಒಂದೇ ಬೌಲಿಂಗು."

ಪುಟ್ಟಿ ಬ್ಯಾಟು ಹಿಡಿದು ನಿಂತಳು. ಅವಳ ಎದೆಗಿಂತ ನನ್ನೆದೆಯೇ ಜೋರಾಗಿ ಬಡಿಯುತ್ತಿತ್ತು. ಮೊದಲ ಚೆಂಡನ್ನು ಹೊಡೆದು ಓಡಿದಳು, ಒಂದು ರನ್ನು. ಎಣಿಸಿದೆ, ಗಟ್ಟಿಯಾಗಿ. ಆಮೇಲೆ ಬಂದ ಚೆಂಡು ಸೀದಾ ಸ್ಟೂಲಿಗೆ ಬಡಿಯಿತು.

ಎಲ್ಲರೂ ನನ್ನತ್ತ ನೋಡಿದರು. "ಅಜ್ಜೀ, ಪಾಪ ಅವ್ಳು..." ಎಂದಳು ದೊಡ್ಡ ಮೊಮ್ಮಗಳು. ನಾನು ಸೀಟಿ ಊದಿ ಬೆರಳೆತ್ತಿದೆ.

ಪುಟ್ಟಿಯ ತುಟಿ ನಡುಗಿತು. ಇನ್ನೇನು ಅತ್ತೇಬಿಡುತ್ತಾಳೆ, ಕೆಲಸ ಕೆಟ್ಟಿತು ಎಂದುಕೊಂಡೆ. ಅವಳು ಬ್ಯಾಟನ್ನು ನೆಲಕ್ಕೆ ಕುಟ್ಟಿದಳು.

"ನೋ ಬಾಲ್! ಅವ್ಳ ಕಾಲು ಗೆರೆ ದಾಟಿತ್ತು! ಅಜ್ಜಿ ಮೋಸ!"

"ದಾಟಿಲ್ಲ. ನಾನು ನೋಡಿದೀನಿ. ನಡಿ ಆಚೆ."

"ನಿಂಗೆ ಕಣ್ಣಿಲ್ವಾ?"

ನನ್ನದೇ ಮಾತು ನನಗೇ ತಿರುಗಿ ಬಂತು. ಪುಟ್ಟಿ ಮುಖ ಊದಿಸಿಕೊಂಡು, ಕಾಲು ಅಪ್ಪಳಿಸುತ್ತ ಹೋಗಿ ಕಟ್ಟೆಯ ಮೇಲೆ ಕೂತಳು. ಮೊಬೈಲು ಅಲ್ಲೇ ಇತ್ತು, ಅದನ್ನು ತಿರುಗಿಯೂ ನೋಡಲಿಲ್ಲ. ಬೌಲಿಂಗ್ ಮಾಡುತ್ತಿದ್ದವಳ ಕಾಲನ್ನೇ ದುರುಗುಟ್ಟಿ ನೋಡುತ್ತ ಕೂತಳು, ತಪ್ಪು ಹಿಡಿಯಲು. ಅಷ್ಟು ಚಂದದ ಸಿಟ್ಟನ್ನು ನಾನು ಯಾವ ಮೈದಾನದಲ್ಲೂ ನೋಡಿಲ್ಲ.

ಅದೇ ಹೊತ್ತಿಗೆ ಮಗಳ ಫೋನು ಬಂತು. "ಎಂತಾಯ್ತಮ್ಮ? ಆ ಆಟ ಇಡ್ಲಾ, ತೆಗೀಲಾ?"

"ಇರ್ಲಿ ಬಿಡು. ನಾಕು ತಪ್ಪಿದಾವೆ, ಆದ್ರೆ ಒಳ್ಳೇ ಆಟ."

"ಅವ್ಳೆಲ್ಲಿ?"

"ಇಲ್ಲೇ ಸಿಟ್ಟಲ್ಲಿ ಕೂತಿದಾಳೆ. ಔಟ್ ಕೊಟ್ಟೆ."

ಆ ಕಡೆಯಿಂದ ಅಳುವೋ ನಗುವೋ ತಿಳಿಯದ ದನಿಯಲ್ಲಿ ಕೇಳಿದಳು. "ಇವ್ಳಿಗೂ ಕೊಟ್ಯಾ ಅಮ್ಮ?"

"ಕೊಟ್ಟೆ" ಎಂದೆ. ಅಷ್ಟರಲ್ಲಿ ಪುಟ್ಟಿ ಬಂದು ಫೋನು ಕಿತ್ತುಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಅಮ್ಮಾ, ನಾನು ಔಟು!"