ಭೋರಿನ ಕಪ್ಪೆಯ ಹೆಸರು

ಪುಣೆ ಬಳಿಯ ಭೋರ್ ಬೆಟ್ಟದ ಕಪ್ಪೆಯೊಂದರ ಡಿಎನ್‌ಎ ಅನುಕ್ರಮವನ್ನು ಮೊದಲು ಓದಿದವಳು ನಾನೇ ಎಂದು ಪ್ರಬಂಧ ಬರೆದು ವಿಜ್ಞಾನ ಪತ್ರಿಕೆಯೊಂದಕ್ಕೆ ಕಳಿಸಿದ್ದೆ. ಅದು ವಾಪಸ್ ಬಂತು. ಎಲ್ಲ ವಿಜ್ಞಾನಿಗಳೂ ಬಳಸುವ ಸಾರ್ವಜನಿಕ ಡೇಟಾಬೇಸಿನಲ್ಲಿ ಅದೇ ಅನುಕ್ರಮ ಬೇರೊಂದು ಕಪ್ಪೆಯ ಹೆಸರಿನಲ್ಲಿದೆ, ನೀವು ಕಪ್ಪೆಯನ್ನೇ ತಪ್ಪಾಗಿ ಗುರುತಿಸಿದ್ದೀರಿ ಎಂದರು ಪತ್ರಿಕೆಯ ಪರಿಶೀಲಕರು.

ತಪ್ಪು ಡೇಟಾಬೇಸಿನದ್ದೇ. ತಿದ್ದಿ ಎಂದು ಡೇಟಾಬೇಸಿನವರಿಗೆ ಬರೆದರೆ, ಅನುಕ್ರಮವನ್ನು ಅಲ್ಲಿ ಸೇರಿಸಿದವರೇ ಹೇಳದೆ ತಿದ್ದಲಾಗದು ಎಂಬ ಉತ್ತರ ಬಂತು. ಸೇರಿಸಿದವರು ನಾನಿರುವ ಪುಣೆಯವರೇ ಆದ ಒಬ್ಬ ನಿವೃತ್ತ ಪ್ರಾಧ್ಯಾಪಕರು, ಮೂಲತಃ ಧಾರವಾಡದ ಕಡೆಯವರು. ಬಿಬವೇವಾಡಿಯ ಅವರ ಮನೆಗೇ ಹೋದೆ.

"ತಪ್ಪಾಗ್ಯದ ಅಂತ ನನಗೂ ಗೊತ್ತದರಿ," ಎಂದರು, ಚಹಾ ಕೊಡುತ್ತಾ.

"ಮತ್ತೆ ಯಾಕೆ ತಿದ್ದಿಲ್ಲ ಸರ್?"

"ಆ ಹೆಸರು ನಂಬಿ ಭಾಳ ಮಂದಿ ಪ್ರಬಂಧ ಬರದಾರ. ಈಗ ತಿದ್ದಿದ್ರ ಅವರ ಗತಿ ಏನ್ರಿ?"

"ನನ್ನ ಗತಿ ಏನು ಸರ್?"

ಅವರು ಕನ್ನಡಕ ಹಾಕಿಕೊಂಡು, ನನ್ನೆದುರೇ ತಿದ್ದುಪಡಿ ಕೋರಿ ಇಮೇಲ್ ಕಳಿಸಿದರು. ಕೆಲವು ವಾರಗಳಲ್ಲಿ ಹೆಸರು ಸರಿಯಾಯಿತು. ಖುಷಿಯಿಂದ ಪ್ರಬಂಧವನ್ನು ಮತ್ತೆ ಕಳಿಸಿದೆ.

ಈ ಸಲ ಪರಿಶೀಲಕರು ಒಂದೇ ಸಾಲು ಬರೆದರು: ಈ ಕಪ್ಪೆಯ ಅನುಕ್ರಮ ಡೇಟಾಬೇಸಿನಲ್ಲಿ ಮೊದಲೇ ಇದೆಯಲ್ಲ, ನಿಮ್ಮದರಲ್ಲಿ ಹೊಸದೇನಿದೆ?

ಉತ್ತರ ಬರೆಯಲು ಕೂತಿದ್ದೇನೆ. ಸಭ್ಯವಾದ ಪದಗಳು ಇನ್ನೂ ಸಿಕ್ಕಿಲ್ಲ.