ಟೀಚರಮ್ಮನ ಹತ್ತಿರವಿದ್ದ ಕೀ

ನನ್ನ ಭಾವ, ಅಂದರೆ ಅಕ್ಕನ ಗಂಡ, ಬೀದಿಯವರ ಬಾಯಲ್ಲಿ ಅನುಮಾನದಣ್ಣ. ಕಸುಬು ಕೀ ಮಾಡುವುದು, ಬೀಗ ರಿಪೇರಿ. ಊರವರ ಬೀಗಗಳನ್ನೆಲ್ಲ ಬಿಚ್ಚಿ ಬಿಚ್ಚಿ, ಯಾವ ಬೀಗವೂ ನಂಬಿಕೆಗೆ ಯೋಗ್ಯವಲ್ಲ ಎಂದು ಕಂಡುಕೊಂಡ ಮನುಷ್ಯ. ಬೀಗವನ್ನೇ ನಂಬದವರು ಮನುಷ್ಯರನ್ನು ಎಲ್ಲಿ ನಂಬುತ್ತಾರೆ? ತರಕಾರಿಯವನ ತಕ್ಕಡಿಯ ಕೆಳಗೆ ಬಗ್ಗಿ ನೋಡುತ್ತಾರೆ. ನಾನು ಹಣ್ಣು ತೆಗೆದುಕೊಂಡು ಹೋದರೆ, "ಏನಪ್ಪಾ, ಏನು ಕೆಲಸ ಆಗ್ಬೇಕಿತ್ತು?" ಎನ್ನುತ್ತಾರೆ. ಈ ಮಾತು ಕೇಳಿ ಕೇಳಿ ಸಾಕಾಗಿ ಈಗ ಬರಿಗೈಯಲ್ಲೇ ಹೋಗುತ್ತೇನೆ. ಅದಕ್ಕೂ ಅವರಿಗೆ ಅನುಮಾನ.

ಅವರದು ಬಾಡಿಗೆ ಮನೆ. ರಸ್ತೆ ಕಡೆಯ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆಯಲ್ಲಿ ಸಂಸಾರ. ಅಂಗಡಿಯ ಗೋಡೆ ತುಂಬ ಮೊಳೆಗಳು, ಮೊಳೆಗಳಲ್ಲಿ ಇನ್ನೂ ಹಲ್ಲು ಕೊರೆಯದ ಕೀಗಳು. ಯಂತ್ರದ ಕೆಳಗೆ ಉದುರುವ ಹಿತ್ತಾಳೆ ಪುಡಿಯನ್ನು ಅಕ್ಕ ಎಷ್ಟು ಗುಡಿಸಿದರೂ ಅದು ಹಾಸಿಗೆಯವರೆಗೆ ಬರುತ್ತದೆ. ಮಹಡಿಯ ಮೇಲೆ ಮನೆಯ ಓನರ್, ರಿಟೈರ್ ಆದ ಟೀಚರಮ್ಮ.

ಮನೆಗೆ ಸೇರುವಾಗ ಭಾವ ಕೊಟ್ಟ ಅಡ್ವಾನ್ಸ್ ಅವರ ಅಷ್ಟೂ ವರ್ಷದ ಉಳಿತಾಯ. ಒಂದು ದಿನ ಆ ದುಡ್ಡಲ್ಲೇ ಸ್ವಂತ ಅಂಗಡಿ ಮಾಡಬೇಕು ಎಂಬುದು ಅವರ ಆಸೆ. "ಬ್ಯಾಂಕ್ ಮುಳುಗಬಹುದು, ನಿನ್ನಂಥ ಭಾವಮೈದ ಸಾಲ ಕೇಳಬಹುದು. ಅಡ್ವಾನ್ಸ್ ಆದ್ರೆ ಯಾರ ಕೈಗೂ ಸಿಗಲ್ಲ" ಎನ್ನುತ್ತಿದ್ದರು. ನಾನು ಯಾವತ್ತೂ ಅವರ ಹತ್ತಿರ ಸಾಲ ಕೇಳಿದವನಲ್ಲ, ಇದನ್ನು ಇಲ್ಲೇ ಹೇಳಿಬಿಡುತ್ತೇನೆ.

ಬಾಗಿಲಿನ ಇನ್ನೊಂದು ಕೀ ಓನರ್ ಹತ್ತಿರ ಇರಬೇಕು ಎಂದು ಕರಾರಿನಲ್ಲಿತ್ತು. ಭಾವ ಮರುಮಾತಾಡದೆ ಕೊಟ್ಟರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಒಂದು ಹಲ್ಲು ಉಜ್ಜಿ ಸವೆಸಿಟ್ಟಿದ್ದೀನಿ. ಒಳಗೆ ಹೋಗುತ್ತೆ, ತಿರುಗಲ್ಲ" ಎಂದು ಮೀಸೆಯಡಿ ನಕ್ಕರು. ನನಗೂ ನಗು ಬಂತು.

ಎರಡು ವರ್ಷದ ಹಿಂದೆ ಕೀ ಕೊರೆಯುವಾಗ ಲೋಹದ ಚೂರೊಂದು ಸಿಡಿದು ಅವರ ಬಲಗಣ್ಣಿಗೆ ಹೊಕ್ಕಿತು. ಆಪರೇಷನ್ ಆಗಿ ಕಣ್ಣು ಉಳಿಯಿತು. ಖರ್ಚನ್ನು ಯಾವುದೋ ಟ್ರಸ್ಟ್‌ನವರು ಕೊಟ್ಟರು ಎಂದಳು ಅಕ್ಕ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಲ್ಲಿಂದಲೇ ಭಾವ ಕೇಳಿದರು, "ಪುಕ್ಕಟೆ ಯಾರು ಕೊಡ್ತಾರೆ? ಏನೋ ಮಸಲತ್ತಿದೆ. ಎಲ್ಲಾದ್ರೂ ಸೈನ್ ಹಾಕಿದ್ಯಾ?" ಆ ಟ್ರಸ್ಟ್‌ನವರು ಯಾವತ್ತು ಬಂದು ಏನು ಕೇಳುತ್ತಾರೋ ಎಂದು ಅಂದಿನಿಂದ ಕಾಯುತ್ತಲೇ ಇದ್ದರು.

ಹೋದ ತಿಂಗಳು ಕರಾರು ಮುಗಿಯಿತು. ಹೊಸದು ಬರೆಸೋಣ, ಬಾಡಿಗೆ ಏನೂ ಏರಿಸುವುದಿಲ್ಲ ಎಂದರು ಟೀಚರಮ್ಮ. ಬೇರೆಯವರಾಗಿದ್ದರೆ ಕೈಮುಗಿಯುತ್ತಿದ್ದರು. ಭಾವ ನನ್ನನ್ನು ಕರೆಸಿದರು.

"ಬಾಡಿಗೆ ಏರಿಸದ ಓನರನ್ನ ಎಲ್ಲಾದ್ರೂ ನೋಡಿದ್ಯೇನೋ? ಒಂದು ಕಡೆ ಬಿಟ್ಟುಕೊಡ್ತಾರೆ ಅಂದ್ರೆ ಇನ್ನೊಂದು ಕಡೆ ಹಿಡೀತಾರೆ ಅಂತ ಅರ್ಥ."

ಅಷ್ಟರಲ್ಲಾಗಲೇ ಅವರು ಒಬ್ಬ ವಕೀಲರ ಬೀರು ತೆರೆದುಕೊಟ್ಟು, ಕೂಲಿಯ ಬದಲು ಸಲಹೆ ಕೇಳಿ ಬಂದಿದ್ದರು. ಕರಾರು ಹೊಸದಾದರೂ ಅಡ್ವಾನ್ಸ್ ಹಳೆಯದೇ ಮುಂದುವರಿಯುತ್ತದೆ, ಮತ್ತೆ ಕೊಡಬೇಕಾಗಿಲ್ಲ. ಆದರೆ ಓನರ್ ಹತ್ತಿರ ಇರುವಷ್ಟೂ ದುಡ್ಡು ಹೊಸ ಕಾಗದದಲ್ಲಿ ಬರಬೇಕು, ಬಿಟ್ಟುಹೋದರೆ ಖಾಲಿ ಮಾಡುವಾಗ ಬಾಯಿ ಬಡಿದುಕೊಳ್ಳಬೇಕಾಗುತ್ತದೆ. ವಕೀಲರು ಹೇಳಿದ್ದು ಇಷ್ಟು. ಭಾವ ಅದನ್ನು ಪಾಠ ಒಪ್ಪಿಸುವವರಂತೆ ನನಗೆ ಎರಡು ಸಲ ಹೇಳಿದರು.

ಅವರ ಅನುಮಾನಕ್ಕೆ ತುಪ್ಪ ಸುರಿದವಳು ನನ್ನಕ್ಕನೇ. "ಓದೋದೇನಿದೆ ರೀ, ಸೈನ್ ಹಾಕಿಬಿಡಿ" ಎಂದಳು. ಆ ಮನೆಯಲ್ಲಿ ಓದದೆ ಸೈನ್ ಹಾಕುವ ಮಾತು ಯಾರೂ ಆಡಿದ್ದಿಲ್ಲ. ಸಂಜೆ ಮೆಟ್ಟಿಲ ಮೇಲೆ ಅವಳೂ ಟೀಚರಮ್ಮನೂ ಪಿಸುಗುಟ್ಟುತ್ತಿದ್ದವರು ನಮ್ಮನ್ನು ಕಂಡದ್ದೇ ಮಾತು ನಿಲ್ಲಿಸಿದರು. "ನೋಡಿದ್ಯಾ? ನಿನ್ನಕ್ಕನ್ನ ಬುಟ್ಟಿಗೆ ಹಾಕ್ಕೊಂಡಿದ್ದಾರೆ" ಎಂದರು ಭಾವ. ಈ ಸಲ ನನಗೆ ನಗಲಾಗಲಿಲ್ಲ. ನನಗೂ ಏನೋ ಸರಿಯಿಲ್ಲ ಅನ್ನಿಸಿತು.

ಭಾನುವಾರ ಟೀಚರಮ್ಮ ಕಾಗದ ತಂದು ಅಂಗಡಿಯ ಮೇಜಿನ ಮೇಲಿಟ್ಟರು. ಕೀಯ ಹಲ್ಲು ನೋಡುವ ಭೂತಗನ್ನಡಿ ಹಿಡಿದು ಭಾವ ಒಂದೊಂದೇ ಸಾಲು ಓದಿದರು. ಅಕ್ಕ ಒಳಬಾಗಿಲ ಹತ್ತಿರ ನಿಂತಿದ್ದಳು. ಗಾಜು ಒಂದು ಕಡೆ ನಿಂತುಬಿಟ್ಟಿತು.

"ಅರ್ಧಾನಾ?" ಎಂದರು ಭಾವ. "ಅಡ್ವಾನ್ಸ್ ಅರ್ಧ ಅಂತ ಬರೆಸಿದ್ದೀರಲ್ಲ, ಇನ್ನರ್ಧ ಎಲ್ಲಿ ಹೋಯ್ತು? ಬಾಡಿಗೆ ಏರಿಸಲ್ಲ ಅಂದಾಗ್ಲೇ ಅಂದ್ಕೊಂಡೆ. ಕಿವಿ ಮೇಲೆ ಹೂ ಇಡೋಕೆ ನಾನೇ ಸಿಕ್ಕಿದ್ನಾ?"

ಎದುರಿನ ಅಂಗಡಿಯವರು ಹೊರಗೆ ಬಂದು ನಿಂತರು. ಟೀಚರಮ್ಮನ ಮುಖ ಕೆಂಪಾಯಿತು. ಅವರು ಒಮ್ಮೆ ಅಕ್ಕನ ಕಡೆ ನೋಡಿದರು, ಅಕ್ಕ ತಲೆ ತಗ್ಗಿಸಿದಳು. ಆಗ ಅವರು ಪೆನ್ನು ತೆಗೆದು, "ತಪ್ಪಾಗಿದೆಯಪ್ಪಾ, ವಯಸ್ಸಾಯ್ತು ನೋಡು" ಎನ್ನುತ್ತ ಆ ಸಾಲನ್ನು ಹೊಡೆದುಹಾಕಿ ಪೂರ್ತಿ ಮೊತ್ತ ಬರೆದು ಪಕ್ಕದಲ್ಲಿ ಸಹಿ ಹಾಕಿದರು. ಭಾವ ಗೆದ್ದವರಂತೆ ನನ್ನ ಕಡೆ ತಿರುಗಿದರು.

"ಬೇಡಿ ಅಮ್ಮ!" ಅಕ್ಕ ಮುಂದೆ ಬಂದಳು. ಅಳುತ್ತಿದ್ದಳು. "ಕೊಟ್ಟಿರೋ ದುಡ್ಡನ್ನ ಮತ್ತೆ ಯಾಕೆ ಮೈಮೇಲೆ ಎಳ್ಕೋತೀರ? ರೀ, ಇನ್ನರ್ಧ ನಾನೇ ಇವರ ಹತ್ರ ಈಸ್ಕೊಂಡೆ. ನಿಮ್ಮ ಕಣ್ಣಿಗೆ. ಟ್ರಸ್ಟೂ ಇಲ್ಲ, ಗಿಸ್ಟೂ ಇಲ್ಲ. ಹೇಳ್ಬೇಡಿ ಅಂತ ಅಮ್ಮನ ಹತ್ರ ಮಾತು ತಗೊಂಡಿದ್ದೆ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಒಪ್ತಿದ್ರಾ? ಒಂದು ಕಣ್ಣು ಸಾಕು, ಅಡ್ವಾನ್ಸ್ ಮುಟ್ಬೇಡ ಅಂತಿದ್ರಿ."

ಇಲ್ಲ ಎನ್ನಲು ಹೊರಟ ಭಾವ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ಖಂಡಿತ ಹಾಗೇ ಅನ್ನುತ್ತಿದ್ದರು, ಅದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ಪೆನ್ನು ತೆಗೆದುಕೊಂಡು ಪೂರ್ತಿ ಮೊತ್ತವನ್ನು ಹೊಡೆದು, ಮತ್ತೆ ಅರ್ಧ ಎಂದು ಬರೆದು ಸಹಿ ಹಾಕಿದರು. ಆಮೇಲೆ ಹುಟ್ಟುಗುಣ ಬಿಡಲಾಗದೆ, "ಎಣಿಸಿ ತಗೊಂಡಿದ್ದೆ ತಾನೇ?" ಎಂದು ಅಕ್ಕನನ್ನು ಕೇಳಿದರು. ಅಕ್ಕ ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡರು.

ಟೀಚರಮ್ಮ ಮೇಲೆ ಹೋಗಲು ಎದ್ದಾಗ ಭಾವ ಅವರಿಗೆ ಅಡ್ಡ ಬಂದು ನಿಂತರು. ನೆಲ ನೋಡುತ್ತ, "ಅಮ್ಮ, ನಿಮ್ಮ ಹತ್ರ ಇರೋ ಕೀ ಕೊಡಿ. ಅದು... ಸರಿಯಾಗಿ ತಿರುಗಲ್ಲ" ಎಂದರು.

"ಗೊತ್ತಪ್ಪಾ" ಎಂದರು ಟೀಚರಮ್ಮ. "ನೀನು ಆಸ್ಪತ್ರೆಗೆ ಸೇರಿದ ದಿನ ನಿನ್ನ ಹೆಂಡ್ತಿ ಫೋನ್ ಮಾಡಿ, ಬಾಗಿಲು ತೆಗೆದು ನಾಲ್ಕು ಬಟ್ಟೆ ತಂದ್ಕೊಡಿ ಅಂದ್ಲು. ಎಷ್ಟು ತಿರುಗಿಸಿದ್ರೂ ಆಗ್ಲಿಲ್ಲ. ಬೆಳಕಿಗೆ ಹಿಡಿದು ನೋಡಿದ್ರೆ ಒಂದು ಹಲ್ಲು ಉಜ್ಜಿರೋ ಗುರುತು ಕಾಣಿಸ್ತು."

"ಆಮೇಲೆ?" ಎಂದೆ ನಾನು, ತಡೆಯಲಾಗದೆ.

"ಆಮೇಲೇನು, ಬಟ್ಟೆ ನನ್ನ ಮನೆಯಿಂದಲೇ ತಗೊಂಡು ಹೊರಟೆ. ದಾರಿಲಿ ಬ್ಯಾಂಕಿಗೆ ಹೋಗಿ ಅವಳು ಕೇಳಿದ್ದ ದುಡ್ಡು ತೆಗೆದೆ."

ಭಾವ ಮುಖ ಎತ್ತಲೇ ಇಲ್ಲ. ಸವೆದ ಹಲ್ಲು ಮತ್ತೆ ಬೆಳೆಯುವುದಿಲ್ಲ, ಹೊಸ ಕೀಯನ್ನೇ ಕೊರೆಯಬೇಕು. ಮೊಳೆಯಿಂದ ಒಂದನ್ನು ತೆಗೆದು, ಕನ್ನಡಕ ಹಾಕಿಕೊಂಡು ಯಂತ್ರದ ಮುಂದೆ ಕೂತರು. ಅರ ಹಿಡಿದು ಅಂಚುಗಳನ್ನು ನಯ ಮಾಡಿದರು. ಬಾಗಿಲಿಗೆ ಹಾಕಿ ತಾವು ತಿರುಗಿಸಿ, ನನ್ನ ಕೈಯಲ್ಲೂ ತಿರುಗಿಸಿ ನೋಡಿ, ಒರೆಸಿ, ಟೀಚರಮ್ಮನ ಕೈಗಿಟ್ಟರು.

"ಒಂದ್ಸಲ ನೀವೇ ಹಾಕಿ ನೋಡಿಬಿಡಿ ಅಮ್ಮ."

"ನೋಡೋದೇನಪ್ಪಾ, ನೀನು ಕೊಟ್ಟಿದ್ದೀಯಲ್ಲ" ಎಂದು ಅವರು ಕೀಯನ್ನು ಪರ್ಸಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದರು.