ಕೊಟ್ಟಿಗೆಯ ಬಾಗಿಲು, ನನ್ನ ಯಂತ್ರ

ಯಂತ್ರಕ್ಕೂ ಹುಟ್ಟು, ಬಾಳು, ಮುಪ್ಪು ಇರುತ್ತದೆ ಎಂದು ಶಿಕಾರಿಪುರದ ಕಾಲೇಜಿನಲ್ಲಿ ಪಾಠ ಮಾಡುವವಳು ನಾನು. ಏನು ಬೇಕೆಂದು ಕೇಳುವುದು, ನಕ್ಷೆ ಬರೆಯುವುದು, ಕಟ್ಟುವುದು, ಓಡಿಸುವುದು, ರಿಪೇರಿ, ಕೊನೆಗೆ ಗುಜರಿ. ನಕ್ಷೆಯ ಮೊದಲ ಗೆರೆ ಎಳೆಯುವಾಗಲೇ ಗುಜರಿಯ ದಿನವನ್ನೂ ಯೋಚಿಸಬೇಕು ಎಂದು ಬೋರ್ಡಿಗೆ ಬಡಿದು ಬಡಿದು ಹೇಳುತ್ತೇನೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ!

ಆನವಟ್ಟಿ ಹತ್ತಿರದ ನಮ್ಮ ಮನೆಯಲ್ಲಿ ಮೆಕ್ಕೆಜೋಳ ಬಿಡಿಸುವ ಯಂತ್ರ ಮಾಡುತ್ತೇನೆಂದು ನಾನು ಹೊರಟಾಗ, ಅತ್ತೆ ಖಾಲಿ ಕೊಟ್ಟಿಗೆ ಬಿಟ್ಟುಕೊಟ್ಟರು. ಷರತ್ತು ಒಂದೇ.

"ಈ ಸುಗ್ಗಿಗೆ ಓಡ್ಲಿಲ್ಲ ಅಂದ್ರೆ ನಿನ್ನ ಕಬ್ಬಿಣ ಎಲ್ಲ ಹೊರಗೆ. ನಾನು ಎಮ್ಮೆ ತಂದು ಕಟ್ತೀನಿ."

ಅಷ್ಟಕ್ಕೇ ಬಿಡದೆ ಕೇಳಿದರು, "ಎಮ್ಮೆ ಆದ್ರೆ ನಡ್ಕೊಂಡು ಹೊರಗೆ ಬರತ್ತೆ. ಇದು ಹ್ಯಾಗೆ ಬರತ್ತೆ?"

ನಾನು ನಕ್ಕುಬಿಟ್ಟೆ. ಭಾನುವಾರಗಳೆಲ್ಲ ಕೊಟ್ಟಿಗೆಯಲ್ಲೇ ಕಳೆದವು. ಬೋಲ್ಟು ಹಾಕಿದರೆ ಸಡಿಲವಾದೀತೆಂದು ಚಕ್ರ ಹಚ್ಚಿದ ಒಂದೊಂದು ಕಾಲನ್ನೂ ಗಟ್ಟಿಯಾಗಿ ವೆಲ್ಡ್ ಮಾಡಿದೆ.

ಸುಗ್ಗಿ ಬಂತು. ಕಣದಲ್ಲಿ ತೆನೆಯ ರಾಶಿ, ಸುತ್ತ ಅಕ್ಕಪಕ್ಕದ ಮನೆಯವರು. ಯಂತ್ರಕ್ಕೆ ಕುಂಕುಮ ಹಚ್ಚಿ, ಹೂ ಮುಡಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು ಎಲ್ಲರೂ ಸೇರಿ ತಳ್ಳಿದೆವು. ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಯಂತ್ರ ಬಾಗಿಲಲ್ಲಿ ಸಿಕ್ಕಿಕೊಂಡಿತು.

ಬಾಗಿಲಿಗಿಂತ ಒಂದು ಗೇಣು ಅಗಲ! ಓರೆ ಮಾಡಿದೆವು, ಹಿಂದುಮುಂದು ಮಾಡಿದೆವು, ಜಗ್ಗಲಿಲ್ಲ. ಬಿಚ್ಚೋಣವೆಂದರೆ ಒಂದು ಬೋಲ್ಟೂ ಇಲ್ಲ. ಒಳಗೇ ಓಡಿಸಿದರೆ ಧೂಳಿಗೆ ಉಸಿರು ಕಟ್ಟುತ್ತದೆ. ನನಗೆ ನಾಚಿಕೆಯಾಗಬೇಕಿತ್ತು, ನಗು ಬಂತು. ಬಂದ ನಗು ನಿಲ್ಲಲೇ ಇಲ್ಲ, ಹೊಟ್ಟೆ ಹಿಡಿದುಕೊಂಡು ಗೋಡೆಗೊರಗಿದೆ. ಅತ್ತೆ ಮಾತ್ರ ನಗದೆ ಒಳಗೆ ಹೋದರು. ಮುಗಿಯಿತು, ಎಮ್ಮೆ ಬಂತು ಎಂದುಕೊಂಡೆ.

ಅತ್ತೆ ಹಾರೆ ಹಿಡಿದು ಬಂದರು.

"ನಗೋದು ಆಮೇಲೆ ಮಾರಾಯ್ತಿ. ಆ ಕಡೆ ಹಿಡ್ಕೋ."

ಮೊದಲ ಏಟು ಅವರದೇ. ಬಾಗಿಲ ಚೌಕಟ್ಟು ಕಿತ್ತು ಬಂತು, ಜೊತೆಗೆ ಅರ್ಧ ಗೋಡೆ. ಯಂತ್ರ ಮದುಮಗಳಂತೆ ಹೂ ಮುಡಿದೇ ಕಣಕ್ಕಿಳಿಯಿತು. ಸ್ವಿಚ್ ಹಾಕಿ ತೆನೆ ಸುರಿದದ್ದೇ ತಡ, ಕಾಳು ಜಲಜಲ ಉದುರಿತು. ಹೊಟ್ಟು ಹಾರಿ ಅತ್ತೆಯ ತಲೆ ತುಂಬಿತು. "ಹಾಕ್ರೀ, ಇನ್ನೂ ಹಾಕ್ರೀ!" ಎಂದು ಅವರು ಕೂಗುತ್ತಿದ್ದರೆ ನಾನು ಊರವರೆದುರೇ ಕುಣಿದೆ.

ಮರುದಿನ ಬಾಗಿಲು ಕಟ್ಟಲು ಗಾರೆಯವರು ಬಂದರು. ಅತ್ತೆ ಎರಡೂ ಕೈ ಚಾಚಿ ಅಳತೆ ತೋರಿಸಿದರು.

"ಅಮ್ಮಾ, ಯಂತ್ರ ಅಷ್ಟು ಅಗಲ ಇಲ್ಲವಲ್ರೀ," ಎಂದರು ಗಾರೆಯವರು.

"ಇದು ಇಲ್ಲ ಕಣ್ರೀ. ಇವಳು ಮುಂದೆ ಮಾಡೋದು ಎಷ್ಟು ಅಗಲ ಇರತ್ತೋ, ಯಾರಿಗೆ ಗೊತ್ತು?"